ಹಳೆಯ ರಿಮೋಟ್ ಬಗ್ಗಿ ಸರಿಯಾಗಿ ತಿರುಗುತ್ತಿಲ್ಲ

ಪ್ರಶ್ನೆ: ನಮ್ಮ ಕಾಕಾ ಮಸ್ಕತ್‌ನಲ್ಲಿ ಕೆಲಸಕ್ಕಿದ್ದಾಗ, 1980ರ ದಶಕದ ಕೊನೆಯಲ್ಲಿ ತಂದಿದ್ದ 1/10 ಅಳತೆಯ ರಿಮೋಟ್ ಬಗ್ಗಿಯನ್ನು (ರಿಮೋಟ್‌ನಿಂದ ಓಡುವ ಆಟದ ಕಾರು) ಅಟ್ಟದಿಂದ ಇಳಿಸಿ ಮತ್ತೆ ಓಡಿಸುತ್ತಿದ್ದೇನೆ. ಮೋಟರು, ಗಿಯರುಗಳು ಚೆನ್ನಾಗಿವೆ. ಆದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೂ ಬಗ್ಗಿ ಬಹಳ ದೊಡ್ಡ ಸುತ್ತು ಹಾಕುತ್ತದೆ. ಬಿಟ್ಟ ಮೇಲೆ ನೇರಕ್ಕೆ ಬರದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆಯುತ್ತದೆ. ಅಂಗಡಿಯವರು ಹೇಳಿದಂತೆ ಹೆಚ್ಚು ಬಲದ ಹೊಸ ಸರ್ವೊ (ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಚಿಕ್ಕ ಮೋಟರು) ಹಾಕಿಸಿದೆ, ಏನೂ ಫರಕು ಬೀಳಲಿಲ್ಲ. ಮುಂದೇನು ಮಾಡಲಿ?
– ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ಬಲವಾದ ಸರ್ವೊ ಹಾಕಿದರೂ ಫರಕು ಬೀಳಲಿಲ್ಲ ಎಂದು ನೀವು ಬರೆದಿರುವುದರಲ್ಲೇ ಅರ್ಧ ಉತ್ತರವಿದೆ. ಸರ್ವೊ ತಿರುಗುತ್ತಿದೆ, ಆದರೆ ಅದರ ಬಲ ಚಕ್ರದವರೆಗೆ ತಲುಪುತ್ತಿಲ್ಲ. ಹೀಗಾಗಿ ಇನ್ನೊಂದು ಸಾಮಾನು ಕೊಳ್ಳುವ ಮೊದಲು, ಆ ಬಲ ದಾರಿಯಲ್ಲಿ ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಿ.

ಬಗ್ಗಿಯ ಮೇಲಿನ ಬಾಡಿಯನ್ನು ತೆಗೆದು, ಮುಂದಿನ ಚಕ್ರಗಳು ನೆಲಕ್ಕೆ ತಾಗದಂತೆ ಒಂದು ಇಟ್ಟಿಗೆಯ ಮೇಲೆ ಕೂಡಿಸಿ, ಸ್ಟಿಯರಿಂಗ್ ತಿರುಗಿಸಿ. ಗಾಳಿಯಲ್ಲಿ ಚಕ್ರಗಳು ಪೂರ್ತಿ ತಿರುಗಿ, ನೆಲದ ಮೇಲೆ ಇಟ್ಟಾಗ ಅರ್ಧಕ್ಕೇ ನಿಂತರೆ, ಎರಡೂ ಚಕ್ರಗಳನ್ನು ಕೈಯಿಂದ ಬಿಗಿಯಾಗಿ ಹಿಡಿದು, ಮನೆಯವರೊಬ್ಬರಿಗೆ ರಿಮೋಟ್ ಕೊಟ್ಟು, ಸರ್ವೊದ ತಲೆಯನ್ನೇ ಗಮನಿಸಿ. ಸರ್ವೊದ ಅಚ್ಚು ತಿರುಗಿದರೂ ಅದರ ಮೇಲಿನ ತೋಳು ನಿಂತಲ್ಲೇ ನಿಂತು, ನಡುವಿನ ಸ್ಪ್ರಿಂಗ್ ಬಾಯಿಬಿಡುತ್ತಿದ್ದರೆ, ದೋಷ ಸರ್ವೊ ಸೇವರ್‌ನದು, ಅಂದರೆ ಆ ತೋಳು ಮತ್ತು ಸ್ಪ್ರಿಂಗ್ ಇರುವ ಭಾಗದ್ದು. ಸರ್ವೊದ ಒಡಲೇ ಅಲುಗುತ್ತಿದ್ದರೆ ಅದನ್ನು ಕೂಡಿಸಿದ ಸ್ಕ್ರೂ ಸಡಿಲಾಗಿವೆ ಅಥವಾ ಟೇಪು ಬಿಟ್ಟಿದೆ. ಅಚ್ಚೇ ನಿಂತುಬಿಟ್ಟರೆ ಮಾತ್ರ ಸರ್ವೊ ಅಥವಾ ಅದಕ್ಕೆ ಬರುವ ವೋಲ್ಟೇಜ್ ಕಡಿಮೆ ಎನ್ನಬೇಕು.

ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಮೊದಲಿಗೆ ಸರ್ವೊ ಸೇವರ್ ಮೇಲೆಯೇ. ಚಕ್ರ ಕಲ್ಲಿಗೆ ಬಡಿದಾಗ ಆ ಹೊಡೆತ ಸರ್ವೊದ ಹಲ್ಲುಗಳಿಗೆ ತಾಗದಂತೆ ತಡೆಯುವುದು ಅದರ ಕೆಲಸ. ಆದರೆ ಆ ಕಾಲದ ಕಿಟ್‌ಗಳಲ್ಲಿ ಬರುತ್ತಿದ್ದವು ಮೃದುವಾಗಿದ್ದವು, ಮೂವತ್ತು ವರ್ಷ ದಾಟಿದ ಪ್ಲಾಸ್ಟಿಕ್ಕಿನಲ್ಲಿ ಬಿಗಿ ಇನ್ನೂ ಉಳಿದಿರುವುದು ಕಷ್ಟ. ಈಗ ಗಟ್ಟಿ ಸ್ಪ್ರಿಂಗ್‌ನ ಸೇವರ್‌ಗಳು ಸಿಗುತ್ತವೆ. ಕೊಳ್ಳುವಾಗ ಸರ್ವೊದ ಅಚ್ಚಿನ ಹಲ್ಲುಗಳನ್ನು ಎಣಿಸಿಕೊಳ್ಳಿ: ಸಾನ್ವಾ ಕಂಪನಿಯ ಮಾದರಿಗೆ 23, ಹೈಟೆಕ್ ಕಂಪನಿಯದಕ್ಕೆ 24, ಫುಟಾಬಾ ಕಂಪನಿಯದಕ್ಕೆ 25 ಸಾಮಾನ್ಯವಾಗಿ ಇರುತ್ತವೆ, ಹಲ್ಲು ಹೊಂದದ ಸೇವರ್ ಒತ್ತಿ ಕೂಡಿಸಿದರೆ ಎರಡೂ ಕೆಡುತ್ತವೆ. ಹಳೆಯದಕ್ಕೆ ಅಂಟು ಹಾಕಿ ಬಿಗಿ ಮಾಡುವ ವಿಚಾರ ಮಾತ್ರ ಬೇಡ, ಏಕೆಂದರೆ ಆಗ ಮೊದಲ ಡಿಕ್ಕಿಗೇ ನಿಮ್ಮ ಹೊಸ ಸರ್ವೊದ ಗಿಯರು ಇಲ್ಲವೇ ಕಾಕಾ ಅವರ ಬಗ್ಗಿಯ ಪೆಡಸಾದ ಮುಂಭಾಗ ಮುರಿಯುತ್ತದೆ, ಮತ್ತು ಆ ಮುಂಭಾಗ ಮತ್ತೆ ಸಿಗುವುದು ಸುಲಭವಲ್ಲ.

ನೇರಕ್ಕೆ ಬರದೆ ಎಳೆಯುವುದಕ್ಕೆ ಕಾರಣ ಬೇರೆ, ಅದು ಕೀಲುಗಳಲ್ಲಿನ ಪ್ಲೇ, ಅಂದರೆ ಸಡಿಲ. ತಮಿಯಾ ಕಂಪನಿಯ 1984ರ ಹಾರ್ನೆಟ್‌ನಂಥ ಬಗ್ಗಿಗಳಲ್ಲಿ ಸೇವರ್‌ನಿಂದಲೇ ಎರಡು ರಾಡುಗಳು ನೇರವಾಗಿ ಚಕ್ರಗಳಿಗೆ ಹೋಗುತ್ತವೆ, ಆದ್ದರಿಂದ ಪ್ರತಿಯೊಂದು ಕೀಲಿನ ಸಡಿಲವೂ ಚಕ್ರದಲ್ಲಿಯೇ ಕಾಣಿಸುತ್ತದೆ. ಬಾಲ್ ಜಾಯಿಂಟ್ (ಬಟ್ಟಲಿನೊಳಗೆ ಗುಂಡು ಕೂಡುವ ಕೀಲು) ಸಡಿಲವಾಗಿದ್ದರೆ, ಗುಂಡಿನ ಮೇಲೆ ತೆಳು ಪ್ಲಾಸ್ಟಿಕ್ ಚೀಲದ ಒಂದು ಚೂರು ಇಟ್ಟು ಬಟ್ಟಲನ್ನು ಒತ್ತಿ ಕೂಡಿಸಿ, ಹೊರಗೆ ಉಳಿದದ್ದನ್ನು ಬ್ಲೇಡಿನಿಂದ ಕತ್ತರಿಸಿ. ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಪಿನ್ನು) ಮೇಲೆ-ಕೆಳಗೆ ಆಡುತ್ತಿದ್ದರೆ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಸಣ್ಣ ವಾಷರ್ ಕತ್ತರಿಸಿ ಹಾಕಬಹುದು. ಆ ತಗಡು ಸುಮಾರು 0.1 ಮಿ.ಮೀ. ದಪ್ಪ, ಒಂದೊಂದಾಗಿ ಸೇರಿಸುತ್ತ ಚಕ್ರ ಸರಾಗವಾಗಿ ತಿರುಗುವಷ್ಟಕ್ಕೆ ನಿಲ್ಲಿಸಬೇಕು. ಪಿನ್ನಿನ ರಂಧ್ರವೇ ಸವೆದು ಮೊಟ್ಟೆಯಾಕಾರ ತಾಳಿದ್ದರೆ, ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥ್ ಕೆಲಸ ಮಾಡುವವರು ಬೇಕಾದಷ್ಟು ಜನರಿದ್ದಾರೆ, ಹಿತ್ತಾಳೆಯ ಬುಶ್ (ರಂಧ್ರದೊಳಗೆ ಕೂಡಿಸುವ ಕೊಳವೆಯಂಥ ಬಳೆ) ಕಡೆಸಿಕೊಳ್ಳಿ. ಕೀಲುಗಳಿಗೆ ಗ್ರೀಸ್ ಹಚ್ಚಬೇಡಿ. ನಿಮ್ಮ ಕಡೆಯ ಎರೆಮಣ್ಣಿನ ಧೂಳು ಗ್ರೀಸಿಗೆ ಅಂಟಿಕೊಂಡು ಉಜ್ಜುವ ಪುಡಿಯಂತೆ ಸವೆಸುತ್ತದೆ. ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಪೆನ್ಸಿಲ್ ಸೀಸದ ಪುಡಿ ಹಾಕಿದರೆ ಸಾಕು.

ಟೈರುಗಳನ್ನೂ ನೋಡಿ. ಮುಂದಿನ ಟೈರಿನಲ್ಲಿ ಉಗುರು ಒತ್ತಿದರೆ ಗುರುತು ಬೀಳದಷ್ಟು ರಬ್ಬರು ಗಟ್ಟಿಯಾಗಿದ್ದರೆ, ಚಕ್ರ ಪೂರ್ತಿ ತಿರುಗಿದರೂ ಬಗ್ಗಿ ಜಾರಿಕೊಂಡು ಮುಂದಕ್ಕೇ ಹೋಗುತ್ತದೆ. ಹಾರ್ನೆಟ್ 2004ರಲ್ಲಿ ಮರುಬಿಡುಗಡೆಯಾದ್ದರಿಂದ ಆ ಮಾದರಿಯ ಟೈರುಗಳು ಹೊಸದಾಗಿ ಸಿಗುತ್ತವೆ; ನಿಮ್ಮದು ಬೇರೆ ಮಾದರಿಯಾದರೆ ರಿಮ್ಮಿನ ಅಳತೆ ತೆಗೆದುಕೊಂಡು ಹುಡುಕಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ರತಿ ಸಲವೂ ಅದೇ ಜಾಗದಲ್ಲಿ, ನಿಧಾನ ವೇಗದಲ್ಲಿ, ಎಡಕ್ಕೊಂದು ಬಲಕ್ಕೊಂದು ಪೂರ್ತಿ ಸುತ್ತು ಹಾಕಿಸಿ, ಮಣ್ಣಿನಲ್ಲಿ ಮೂಡಿದ ಚಕ್ರದ ಗುರುತನ್ನು ಟೇಪಿನಿಂದ ಅಳೆದು ಬರೆದಿಡಿ. ಎರಡು ಸುತ್ತುಗಳ ಅಳತೆಯಲ್ಲಿ ವ್ಯತ್ಯಾಸವಿದ್ದರೆ, ಸರ್ವೊವನ್ನು ನಡುಮಧ್ಯಕ್ಕೆ ತಂದು ನಿಲ್ಲಿಸಿ, ಆಮೇಲೆ ರಾಡುಗಳ ಉದ್ದವನ್ನು ಸರಿಪಡಿಸಿ.