ಘಾನಾದ ಚರ್ಚ್ ವಿಶ್ವವಿದ್ಯಾಲಯಕ್ಕೆ ಹಳೆ ಪುಸ್ತಕ ಕಳಿಸಬಹುದಾ?

ನೀವು ಕೇಳಿದ್ದು ಎರಡು ವಿಷಯ. ಮಿಷನರಿಗಳಿಂದ ಬೇರುಬಿಟ್ಟ ಆಫ್ರಿಕಾದ ಕ್ರೈಸ್ತ ವಿಶ್ವವಿದ್ಯಾಲಯಗಳು ಏನು ಕೆಲಸ ಮಾಡುತ್ತವೆ? ನಿಮ್ಮ ಚರ್ಚಿನ ಯುವಕರ ಸಂಘ ಹಳೆ ಪುಸ್ತಕ, ಕಂಪ್ಯೂಟರ್ ಕೂಡಿಹಾಕಿ ಕಳಿಸಿದರೆ ಅವರಿಗೆ ಉಪಯೋಗ ಆಗುತ್ತಾ?

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಪುಸ್ತಕ ಬೇಡ. ಅದೇ ದುಡ್ಡಲ್ಲಿ ಒಬ್ಬ ವಿದ್ಯಾರ್ಥಿಯ ಫೀಸ್ ಕಟ್ಟಿ.

ನಾನು ಮಂಗಳೂರಿನವನು. ಔಷಧಿ ಮಾರುವ ಕಂಪನಿಯ ಕೆಲಸದ ಮೇಲೆ ಆರು ವರ್ಷ ಘಾನಾದ ರಾಜಧಾನಿ ಅಕ್ರಾದಲ್ಲಿದ್ದೆ. ಆಫ್ರಿಕಾದಲ್ಲಿ ನಾನು ಕಂಡಿದ್ದು ಘಾನಾ ಒಂದೇ. ಹಾಗಾಗಿ ಅಲ್ಲಿನ ಪ್ರೆಸ್ಬಿಟೇರಿಯನ್ (ಪ್ರಾಟೆಸ್ಟಂಟರಲ್ಲೇ ಒಂದು ಪಂಗಡ) ವಿಶ್ವವಿದ್ಯಾಲಯವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಅದನ್ನು ಕಟ್ಟಿದ್ದು ಮಿಷನರಿಗಳೇ ಅಂದರೆ ತಪ್ಪಾಗುತ್ತದೆ. ಘಾನಾದ ಪ್ರೆಸ್ಬಿಟೇರಿಯನ್ ಚರ್ಚಿನವರು 2003ರಲ್ಲಿ ಶುರು ಮಾಡಿದರು. ಅಲ್ಲಿನವರೇ ಕಟ್ಟಿ, ಅಲ್ಲಿನವರೇ ನಡೆಸುವ ಸಂಸ್ಥೆ. ಆದರೆ ಆ ಚರ್ಚಿಗೆ ಬುನಾದಿ ಹಾಕಿದವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು. ನಮ್ಮ ಬಲ್ಮಠದ ಅದೇ ಬಾಸೆಲ್ ಮಿಷನ್! ಅಲ್ಲಿಗೆ ಹೋಗುವವರೆಗೂ ನನಗೆ ಇದು ಗೊತ್ತೇ ಇರಲಿಲ್ಲ. ಮಂಗಳೂರಿಗೆ ಅವರು ಬಂದದ್ದು 1834ರಲ್ಲಿ. ಘಾನಾ ಕರಾವಳಿಗೆ ಅದಕ್ಕೂ ಮೊದಲೇ, 1828ರಲ್ಲಿ ಹೋಗಿದ್ದರು. ಮೊದಮೊದಲು ಹೋದವರಲ್ಲಿ ಹೆಚ್ಚಿನವರು ಜ್ವರ ಬಂದು ತೀರಿಹೋದರು. ಬದುಕುಳಿದ ಆಂಡ್ರಿಯಾಸ್ ರೀಸ್ ಕರಾವಳಿ ಬಿಟ್ಟು, ಬೆಟ್ಟ ಹತ್ತಿ ಅಕ್ರೊಪಾಂಗ್ ಸೇರಿದ. 1843ರಲ್ಲಿ ಜಮೈಕಾ ಕಡೆಯಿಂದ ಕಪ್ಪು ಜನಾಂಗದ ಕ್ರೈಸ್ತ ಕುಟುಂಬಗಳನ್ನು ಜೊತೆಗೆ ಕರೆತಂದ. ಆಮೇಲೆ ಕೆಲಸ ನೆಲೆ ನಿಂತಿತು. ಅದೇ 1843ರಲ್ಲಿ ಮೊಗ್ಲಿಂಗ್ ಇಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ್ದು. ಕಿಟ್ಟೆಲ್ ನಮ್ಮ ಕಡೆ ಬಂದ 1853ರಲ್ಲೇ ಕ್ರಿಸ್ಟಾಲರ್ ಎಂಬುವನು ಅಲ್ಲಿಗೆ ಹೋದ. ಕಿಟ್ಟೆಲ್ ಕನ್ನಡಕ್ಕೆ ಏನು ಮಾಡಿದನೋ ಅವನು ಅಲ್ಲಿನ ಟ್ವಿ ಭಾಷೆಗೆ ಅದನ್ನೇ ಮಾಡಿದ. ವ್ಯಾಕರಣ ಬರೆದ, 3,600 ಗಾದೆ ಕೂಡಿಹಾಕಿದ, 1881ರಲ್ಲಿ ನಿಘಂಟು ಹೊರತಂದ. ಇದನ್ನೆಲ್ಲ ಓದುವಾಗ ಯಾರೋ ನೆಂಟರ ಮನೆ ಸುದ್ದಿ ಕೇಳಿದ ಹಾಗಾಗಿತ್ತು.

ಅಕ್ರೊಪಾಂಗ್‌ನಲ್ಲಿ 1848ರಲ್ಲಿ ಶುರುವಾದ ಶಿಕ್ಷಕರ ತರಬೇತಿ ಶಾಲೆ ಇವತ್ತಿಗೂ ನಡೆಯುತ್ತಿದೆ. ವಿಶ್ವವಿದ್ಯಾಲಯ ಬಂದದ್ದು ಆ ದಾರಿಯಲ್ಲೇ. ಅದರ ಮುಖ್ಯ ಕ್ಯಾಂಪಸ್ ಇರುವುದು ಕ್ವಾಹು ಬೆಟ್ಟದ ಮೇಲೆ, ಅಬೆಟಿಫಿಯಲ್ಲಿ. ಕೆಳಗಿನ ಎನ್‌ಕಾಕಾ ಪೇಟೆಯಿಂದ ತಿರುವಿನ ಮೇಲೆ ತಿರುವು ಹತ್ತಬೇಕು. ನಮ್ಮ ಘಾಟಿ ರಸ್ತೆಗಳ ಹಾಗೇ. ಮೇಲೆ ಹೋದರೆ ತಣ್ಣನೆ ಗಾಳಿ. ಇನ್ನೊಂದು ಕ್ಯಾಂಪಸ್ ಅಗೊಗೊದಲ್ಲಿದೆ. ಬಾಸೆಲ್ ಮಿಷನ್ 1931ರಲ್ಲಿ ಆಸ್ಪತ್ರೆ ತೆರೆದ ಊರು ಅದು. ಅಲ್ಲಿ ನರ್ಸಿಂಗ್ ಕಲಿಸುತ್ತಾರೆ. ಅಬೆಟಿಫಿಯಲ್ಲಿ ವ್ಯಾಪಾರ ಆಡಳಿತ, ಕಂಪ್ಯೂಟರ್. ಬೇರೆ ಧರ್ಮದ ಮಕ್ಕಳೂ ಓದುತ್ತಾರೆ. ಘಾನಾದ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳೆಲ್ಲ ಅಕ್ರಾ, ಕುಮಾಸಿ, ಕೇಪ್ ಕೋಸ್ಟ್‌ನಂಥ ಪಟ್ಟಣಗಳಲ್ಲಿವೆ. ಸಣ್ಣ ಊರಿನ ಮಕ್ಕಳ ಹತ್ತಿರಕ್ಕೆ ಡಿಗ್ರಿ ತಂದುಕೊಟ್ಟದ್ದೇ ಇಂಥ ಸಂಸ್ಥೆಗಳ ದೊಡ್ಡ ಕೆಲಸ ಅಂತ ನನಗನ್ನಿಸುತ್ತದೆ.

ಇನ್ನು ಕಷ್ಟದ ವಿಷಯ. ಸರ್ಕಾರಿ ವಿಶ್ವವಿದ್ಯಾಲಯದ ಮೇಷ್ಟ್ರುಗಳಿಗೆ ಸರ್ಕಾರ ಸಂಬಳ ಕೊಡುತ್ತದೆ. ಖಾಸಗಿಯವಕ್ಕೆ ಮಕ್ಕಳ ಫೀಸೇ ಆಧಾರ. ಫೀಸ್ ಬಂದರೆ ಸಂಬಳ, ಕರೆಂಟ್ ಬಿಲ್, ಜನರೇಟರ್ ಡೀಸೆಲ್. ಕರೆಂಟ್ ಹೋಗಿ ಬರುವ ಆಟಕ್ಕೆ ಅಲ್ಲಿ 'ಡುಮ್ಸೋರ್' ಅಂತಾರೆ. ಆರಿಸು, ಹೊತ್ತಿಸು ಅಂತ ಅರ್ಥ. ಪಿಎಚ್‌ಡಿ ಮಾಡಿದವರು ಒಳ್ಳೆ ಸಂಬಳ ಸಿಕ್ಕ ಕಡೆ ಹೋಗುತ್ತಾರೆ. ಅವರನ್ನು ಬಯ್ಯಲಾಗುವುದಿಲ್ಲ, ಅವರಿಗೂ ಸಂಸಾರ ಇದೆ ಅಲ್ವಾ?

ಫೀಸ್ ಎಲ್ಲಿಂದ ಬರುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದೆ. ನನ್ನ ಸಹೋದ್ಯೋಗಿಯ ಅಕ್ಕ ಕುಮಾಸಿ ಮಾರ್ಕೆಟ್‌ನಲ್ಲಿ ಟೊಮ್ಯಾಟೊ ಮಾರುತ್ತಿದ್ದರು. ನಾನು ಅವರನ್ನು ಆಂಟಿ ಅನ್ನುತ್ತಿದ್ದೆ. ಅಲ್ಲೂ ಹಾಗೇ ಕರೆಯುತ್ತಾರೆ. ಅವರ ಮಗಳು ಒಂದು ಚರ್ಚ್ ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ದಿನಾ ಸಂಜೆ ಒಬ್ಬ ಅಂಗಡಿ ಅಂಗಡಿಗೆ ಬಂದು ಸ್ವಲ್ಪ ಸ್ವಲ್ಪ ದುಡ್ಡು ಕಟ್ಟಿಸಿಕೊಂಡು, ಕಾರ್ಡಿನ ಮನೆಯಲ್ಲಿ ಗುರುತು ಹಾಕಿ ಹೋಗುತ್ತಿದ್ದ. ಇದಕ್ಕೆ 'ಸುಸು' ಅಂತಾರೆ. ತಿಂಗಳ ಕೊನೆಗೆ ಒಂದು ದಿನದ ದುಡ್ಡು ತನ್ನ ಕೂಲಿಗೆ ಇಟ್ಟುಕೊಂಡು ಮಿಕ್ಕಿದ್ದನ್ನು ವಾಪಸ್ ಕೊಡುತ್ತಾನೆ. ನನಗೆ ತಕ್ಷಣ ನಮ್ಮ ಪಿಗ್ಮಿ ನೆನಪಾಯಿತು. ನನ್ನ ಅಮ್ಮನೂ ಹಾಗೇ ಪಿಗ್ಮಿ ಕಟ್ಟಿ ನನ್ನ ಕಾಲೇಜು ಫೀಸ್ ಹೊಂದಿಸಿದ್ದು.

2022ರಲ್ಲಿ ಅಲ್ಲಿ ಬೆಲೆ ಹುಚ್ಚಾಪಟ್ಟೆ ಏರಿತು. ಡಿಸೆಂಬರ್‌ನಲ್ಲಿ ಹಣದುಬ್ಬರ ಶೇ. 54 ದಾಟಿತ್ತು. ಸುಸು ಕಾರ್ಡ್ ತುಂಬಿದ್ದರೂ ಫೀಸಿಗೆ ಸಾಲಲಿಲ್ಲ. ಹುಡುಗಿ ಒಂದು ಸೆಮಿಸ್ಟರ್ ಬಿಟ್ಟು ಅಮ್ಮನ ಜೊತೆ ಟೊಮ್ಯಾಟೊ ಬುಟ್ಟಿ ಹಿಡಿದು ಕೂತಳು. ಆಂಟಿ ನನ್ನೆದುರು ಕಾರ್ಡುಗಳನ್ನು ಮೇಜಿನ ಮೇಲೆ ಜೋಡಿಸಿ ಎಣಿಸಿದರು. ಒಂದೂ ಮನೆ ಖಾಲಿ ಇರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ಮೂವರು ಕನ್ನಡಿಗರು ಸೇರಿ ಕೊರತೆ ಬಿದ್ದಷ್ಟು ತುಂಬಿದೆವು. ದೊಡ್ಡ ಮೊತ್ತವೇನಲ್ಲ, ಮೂವರ ಒಂದು ವಾರಾಂತ್ಯದ ಖರ್ಚು.

ಈಗ ಪುಸ್ತಕದ ಮಾತು. ಇನ್ನೊಂದು ಊರಿನ ಕಾಲೇಜಿನಲ್ಲಿ ವಿದೇಶದಿಂದ ಬಂದ ಪೆಟ್ಟಿಗೆಗಳನ್ನು ನೋಡಿದ್ದೇನೆ. ಒಳಗೆ ಇಪ್ಪತ್ತು ವರ್ಷ ಹಳೆಯ ಔಷಧಶಾಸ್ತ್ರದ ಪುಸ್ತಕ. ನನ್ನದು ಔಷಧಿ ವ್ಯಾಪಾರ, ಹಾಗಾಗಿ ಗೊತ್ತು: ಹಳೆ ಡೋಸ್ ಓದಿದ ನರ್ಸ್‌ನಿಂದ ರೋಗಿಗೆ ಅಪಾಯ. ಪಕ್ಕದಲ್ಲಿ ಅಮೆರಿಕದ ಒಂದು ಲ್ಯಾಬ್ ಯಂತ್ರ ಧೂಳು ತಿನ್ನುತ್ತಿತ್ತು. ಅದು 110 ವೋಲ್ಟಿನದು, ಘಾನಾದಲ್ಲಿ 230. ತೆಮಾ ಬಂದರಿನಿಂದ ಇದನ್ನೆಲ್ಲ ಬಿಡಿಸಿಕೊಳ್ಳುವ ಖರ್ಚು ಮಾತ್ರ ಕಾಲೇಜಿನ ತಲೆಗೆ ಬಿದ್ದಿತ್ತು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಏನು ಬೇಕು ಅಂತ ಯಾರೂ ಕೇಳಿರಲಿಲ್ಲ.

ಹಾಗಾಗಿ ಮೊದಲು ವಿಶ್ವವಿದ್ಯಾಲಯಕ್ಕೆ ಒಂದು ಇಮೇಲ್ ಹಾಕಿ. ಕೊನೆಯ ವರ್ಷದಲ್ಲಿ ಫೀಸ್ ಬಾಕಿಯಾಗಿ ನಿಂತಿರುವ ಮಕ್ಕಳು ಯಾರಾದರೂ ಇದ್ದಾರಾ ಅಂತ ಕೇಳಿ. ದುಡ್ಡನ್ನು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ, ವಿದ್ಯಾರ್ಥಿಯ ಹೆಸರಿಗೆ ರಸೀದಿ ತರಿಸಿಕೊಳ್ಳಿ. ನಿಮ್ಮ ಸಂಘದಲ್ಲಿ ನಿವೃತ್ತ ನರ್ಸಿಂಗ್ ಟೀಚರ್ ಅಥವಾ ಲೆಕ್ಕಪತ್ರದ ಮೇಷ್ಟ್ರು ಇದ್ದರೆ, ಒಂದು ಸೆಮಿಸ್ಟರ್ ಆನ್‌ಲೈನ್ ಪಾಠ ಮಾಡಬಹುದಾ ಅಂತಲೂ ಕೇಳಿ ನೋಡಿ. ಸಮಯದ ವ್ಯತ್ಯಾಸ ಐದೂವರೆ ಗಂಟೆ. ಅಲ್ಲಿ ಬೆಳಗ್ಗೆ ಹತ್ತಾದರೆ ನಮಗೆ ಮಧ್ಯಾಹ್ನ ಮೂರೂವರೆ, ಅಷ್ಟೇನೂ ಕಷ್ಟ ಆಗಲ್ಲ.

ಆ ಹುಡುಗಿ ಮುಂದಿನ ಸೆಮಿಸ್ಟರಿಗೆ ವಾಪಸ್ ಹೋದಳು. ಈಗ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಅವಳ ತಮ್ಮ ಈ ವರ್ಷ ಕಾಲೇಜು ಸೇರಿದ್ದಾನೆ. ಆಂಟಿ ಇನ್ನೂ ಸುಸು ಕಟ್ಟುತ್ತಲೇ ಇದ್ದಾರೆ.