ಚದುರಿದ ಮನೆಗಳು, ದೂರದ ಸೌಲಭ್ಯ

ಧಾರವಾಡದ ಕಡೆ ಹಳ್ಳಿ ಮನೆಗಳು ಒತ್ತೊತ್ತಾಗಿರುತ್ತವೆ, ಉಡುಪಿ ಜಿಲ್ಲೆಯ ಹೆಬ್ರಿ ಸುತ್ತಮುತ್ತ ಯಾಕೆ ಹೀಗೆ ಚದುರಿವೆ, ಬಸ್ಸು, ಶಾಲೆ ದೂರ ಇರುವುದಕ್ಕೆ ಅದೇ ಕಾರಣವಾ ಅಂತ ಕೇಳಿದ್ದೀರಿ. ಬಹುಪಾಲು ಹೌದು.

ಇಲ್ಲಿ ಮಳೆ ಜಾಸ್ತಿ. ಮನೆಗೊಂದು ಬಾವಿ ತೋಡಿದರೆ ನೀರು ಸಿಗುತ್ತದೆ. ಊರಿಗೊಂದೇ ಕೆರೆ ನಂಬಿ ಒಟ್ಟಿಗೆ ಇರುವ ಅಗತ್ಯ ಹಿಂದಿನವರಿಗೆ ಇರಲಿಲ್ಲ. ಗದ್ದೆ, ತೋಟ ತಗ್ಗಿನಲ್ಲಿ, ಮನೆ ಅದರ ಮೇಲೆ ಗುಡ್ಡದ ಬದಿಯಲ್ಲಿ.

ತೊಂದರೆ ಶುರುವಾಗುವುದು ಸರ್ಕಾರದ ಲೆಕ್ಕದಲ್ಲಿ. 2000ದಲ್ಲಿ ಬಂದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಪ್ರದೇಶದಲ್ಲಿ 500 ಜನರಿರುವ ವಸತಿಗೆ ರಸ್ತೆ ಅಂದಿತು. 500 ಮೀಟರ್ ಒಳಗಿನ ಮನೆಗಳನ್ನು ಒಟ್ಟಿಗೆ ಎಣಿಸಬಹುದು, ನಿಜ. ಆದರೂ ಗುಡ್ಡಕ್ಕೆ ಆರೇಳು ಮನೆ ಇರುವಲ್ಲಿ ಅಷ್ಟು ಜನ ಎಲ್ಲಿಂದ ಬರಬೇಕು? ಐದನೇ ತರಗತಿವರೆಗಿನ ಶಾಲೆ 1 ಕಿ.ಮೀ. ಒಳಗಿರಬೇಕು ಎಂಬ ನಿಯಮವೂ ಇದೆ. ನಡುವೆ ತೋಡು (ಹಳ್ಳ) ಉಕ್ಕಿ ಹರಿಯುತ್ತಿದ್ದರೆ ಆ 1 ಕಿ.ಮೀ.ಗೆ ಏನರ್ಥ? ಜುಲೈಯಲ್ಲಿ ಅಡಿಕೆ ಮರದ ಕಾಲುಸಂಕದ (ನಡೆದು ದಾಟುವ ಕಿರುಸೇತುವೆಯ) ಮೇಲೆ ಮಕ್ಕಳು ದಾಟುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಎಲ್ಲರನ್ನೂ ಒಂದೆಡೆ ತಂದು ಕೂರಿಸುವುದು ಆಗದ ಮಾತು. ತೋಟ ಬಿಟ್ಟು ಯಾರು ಬರುತ್ತಾರೆ? ಗಟ್ಟಿ ಕಾಂಕ್ರೀಟ್ ಕಾಲುಸಂಕಗಳು ಮೊದಲು ಬೇಕು. ಎಷ್ಟೋ ಮನೆಗಳಿಗೆ ಶಾಲೆ, ರೇಷನ್ ಅಂಗಡಿ ಎರಡೂ ಅದರಿಂದಲೇ ಹತ್ತಿರವಾಗುತ್ತವೆ.

ನೀವು ಜಾಗ ಕೊಳ್ಳುವುದಾದರೆ ಮಳೆಗಾಲದಲ್ಲೇ ಬಂದು ನೋಡಿ. ಕೊನೆಯ ಬಸ್ಸು ಎಷ್ಟು ಗಂಟೆಗೆ, ದಾರಿಯಲ್ಲಿ ತೋಡು ಇದೆಯಾ ಅಂತ ನೆರೆಮನೆಯವರನ್ನೇ ಕೇಳಿ.