ಮುಂಬೈಗೆ ನಾಲ್ಕು ದಿನ ಬರುತ್ತಿದ್ದೇನೆ. ‘ನಾನೂ ಹೋಗಿ ಬಂದೆ’ ಅನ್ನುವ ಫೋಟೊ ಬೇಡ, ಕಥೆ ಇರುವ ಫೋಟೊ ಬೇಕು. ಹೇಗೆ ತೆಗೆಯಲಿ?

ನೀವು ಬರೆದಿರುವುದು ಇಷ್ಟು: ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ಬರುತ್ತೀರಿ, ಡೊಂಬಿವಲಿಯಲ್ಲಿ ಅಕ್ಕನ ಮನೆ, ಕೈಯಲ್ಲಿ ಒಂದು ಫೋನು ಮತ್ತು 18–55 ಲೆನ್ಸಿನ ಹಳೇ ಕ್ಯಾಮೆರಾ. ಗೇಟ್‌ವೇ, ಮರೀನ್ ಡ್ರೈವ್ ಎಲ್ಲರೂ ತೆಗೆದಾಗಿದೆ. ದಿನನಿತ್ಯದ ದೃಶ್ಯದಲ್ಲಿ ಕಥೆ ಹುಡುಕಬೇಕು ಅಂದರೆ ಎಲ್ಲಿಗೆ ಹೋಗಬೇಕು ಎಂಬುದು ನಿಮ್ಮ ಪ್ರಶ್ನೆ.

ಎಲ್ಲಿಗೆ ಎನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಎಂದು ಕೇಳಿ. ಈ ಊರಿನಲ್ಲಿ ಪ್ರತಿ ಕೆಲಸಕ್ಕೂ ಒಂದು ಟೈಮ್‌ಟೇಬಲ್ ಇದೆ. ಹೂವಿನದ್ದು ನಸುಕು, ಡಬ್ಬಾದ್ದು ಹನ್ನೊಂದು, ಒಗೆದ ಬಟ್ಟೆಯದ್ದು ಇಳಿಹೊತ್ತು. ಕೆಲಸ ಭರಾಟೆಯಲ್ಲಿರುವಾಗಿನ ಫೋಟೊ ಇಂಟರ್‌ನೆಟ್ ತುಂಬ ಸಿಗುತ್ತದೆ. ಅದು ಶುರುವಾಗುವ ಮುಂಚಿನ ಅರ್ಧ ಗಂಟೆ, ಮುಗಿದ ಮೇಲಿನ ಅರ್ಧ ಗಂಟೆ ಯಾರೂ ಅಲ್ಲಿ ನಿಲ್ಲುವುದಿಲ್ಲ. ನನ್ನ ಪ್ರಕಾರ ಕಥೆ ಅಲ್ಲಿದೆ, ಯಾಕೆಂದರೆ ನೋಡುವವನ ಮನಸ್ಸಿನಲ್ಲಿ ‘ಮುಂದೇನು’ ಅಥವಾ ‘ಇಲ್ಲಿ ಈಗಷ್ಟೇ ಏನಾಯಿತು’ ಎಂಬ ಪ್ರಶ್ನೆ ಹುಟ್ಟುವುದು ಆಗಲೇ.

ಮನೆಯೂಟದ ಡಬ್ಬಾವನ್ನು ಆಫೀಸಿಗೆ ಮುಟ್ಟಿಸುವ ಡಬ್ಬಾವಾಲಾಗಳನ್ನೇ ನೋಡಿ. ಬೆಳಿಗ್ಗೆ 11ರಿಂದ 12ರ ನಡುವೆ ಚರ್ಚ್‌ಗೇಟ್ ಸ್ಟೇಷನ್ನಿನ ಹೊರಗೆ ಡಬ್ಬಾ ವಿಂಗಡಿಸುವಾಗ ಅವರ ಸುತ್ತ ಕ್ಯಾಮೆರಾಗಳ ಗುಂಪೇ ಇರುತ್ತದೆ. ಬಿಳಿ ಟೋಪಿ, ತಲೆಯ ಮೇಲೆ ಮರದ ಉದ್ದ ತಟ್ಟೆ, ಓಟ: ಈ ಫೋಟೊ ಸಾವಿರ ಸಲ ಬಂದುಹೋಗಿದೆ. ನೀವು ಮುಚ್ಚಳದ ಹತ್ತಿರ ಬನ್ನಿ. ಅದರ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ, ಅಂಕಿಗಳಲ್ಲಿ ಡಬ್ಬಾ ಎಲ್ಲಿಂದ ಬಂತು, ಯಾವ ಸ್ಟೇಷನ್ನಿಗೆ, ಯಾವ ಕಟ್ಟಡಕ್ಕೆ, ಎಷ್ಟನೇ ಮಹಡಿಗೆ ಎಂಬುದೆಲ್ಲ ಅಡಗಿರುತ್ತದೆ. ಹಳೇ ಗುರುತಿನ ಮೇಲೆ ಹೊಸ ಗುರುತು ಬರೆದ ಮುಚ್ಚಳ ಸಿಕ್ಕಿತೋ, ಅದು ಯಾರೋ ಆಫೀಸು ಬದಲಿಸಿದ ಕಥೆ ಇರಬಹುದು. ಆಮೇಲೆ ಮಧ್ಯಾಹ್ನ ಎರಡು ಗಂಟೆಯ ನಂತರ ಅದೇ ಜಾಗಕ್ಕೆ ಮತ್ತೆ ಬನ್ನಿ. ಖಾಲಿ ಡಬ್ಬಾ ವಾಪಸ್ ಬರುತ್ತಿರುತ್ತವೆ, ಅವಸರ ಅಷ್ಟಿಲ್ಲ, ಮಾತಿಗೂ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಪುಣೆ ಜಿಲ್ಲೆಯ ಹಳ್ಳಿಗಳವರು. ಊರು ಯಾವುದು ಎಂದು ಕೇಳಿದರೆ ಮಾತು ತಾನಾಗಿ ಬೆಳೆಯುತ್ತದೆ. ಬೆಳಿಗ್ಗೆ ಮಾತ್ರ ದಾರಿಗೆ ಅಡ್ಡ ನಿಲ್ಲಬೇಡಿ. ತಲೆ ಮೇಲೆ ಭಾರ ಹೊತ್ತವನಿಗೆ ಥಟ್ಟನೆ ನಿಲ್ಲಲು ಆಗುವುದಿಲ್ಲ, ಬೈಗುಳ ನಿಮಗೇ.

ಒಂದು ಇಡೀ ಬೆಳಗನ್ನು ಮಾಟುಂಗಾಕ್ಕೆ ಕೊಡಿ ಎಂದು ನಾನು ಒತ್ತಿ ಹೇಳುತ್ತೇನೆ. ಕನ್ನಡ, ತುಳು, ತಮಿಳು ಮೂರೂ ಕಿವಿಗೆ ಬೀಳುವ ಜಾಗ, ಭಾಷೆಯ ಅಳುಕು ಇರುವುದಿಲ್ಲ. ಫಾಸ್ಟ್ ಲೋಕಲ್ ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ಡೊಂಬಿವಲಿಯಿಂದ ಫಾಸ್ಟ್ ಹಿಡಿದರೆ ಕುರ್ಲಾದಲ್ಲಿ ಇಳಿದು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋಗೆ ಬದಲಿಸಿ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು 7ರ ಸುಮಾರಿಗೆ. ಏಳೂಕಾಲಿಗೆ ಮಾರ್ಕೆಟ್ಟಿನಲ್ಲಿದ್ದರೆ ಸಾಕು. ಹೂವಿನ ಅಂಗಡಿ ಒಂದನ್ನು ಆರಿಸಿ, ಹತ್ತು ಅಂಗಡಿ ಸುತ್ತಬೇಡಿ. ಮೊದಲು ಒಂದು ಮೊಳ ಮಲ್ಲಿಗೆ ಕೊಳ್ಳಿ, ಅಕ್ಕನಿಗಾಯಿತು. ಆದರೆ ಬೋಣಿ ಆಗುವ ಮುಂಚೆ ಫೋಟೊ ಕೇಳಬೇಡಿ, ವ್ಯಾಪಾರ ಮಾಡುವವರಿಗೆ ಅದು ಸರಿಬರುವುದಿಲ್ಲ.

ಅಲ್ಲಿ ಕಣ್ಣು ಇಡಬೇಕಾದದ್ದು ಕೈಗಳ ಮೇಲೆ. ಹೂ ಕಟ್ಟುವವರ ಎಡಗೈ ಎರಡು ಬೆರಳ ನಡುವೆ ಮೊಗ್ಗುಗಳ ತೊಟ್ಟು ಸೇರಿಸಿ ಹಿಡಿಯುತ್ತದೆ, ಬಲಗೈ ನಾರನ್ನು ಸುತ್ತಿ ಎಳೆಯುತ್ತದೆ. ಒಂದು ಗಂಟು ಬೀಳುವುದಕ್ಕೆ ಒಂದು ಸೆಕೆಂಡೂ ಬೇಡ, ಆದ್ದರಿಂದ ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನವಾದರೆ ಬೆರಳು ಅಲುಗಿ ಮಸುಕಾಗುತ್ತದೆ. ಆಮೇಲೆ ಅಳತೆ: ಮೊಳಕೈಯಿಂದ ಬೆರಳ ತುದಿವರೆಗೆ ಮಾಲೆ ಎಳೆದು ಹಿಡಿದ ಆ ಗಳಿಗೆಯಲ್ಲಿ ಕೊಳ್ಳುವವರ ಕಣ್ಣು ಎಲ್ಲಿರುತ್ತದೆ ನೋಡಿ. ಮೊಳ ಗಿಡ್ಡವಾಯಿತೇನೋ ಎಂದು ಮಾಲೆಯ ತುದಿಯ ಮೇಲೇ ಇರುತ್ತದೆ. ಕೈ, ಮಾಲೆ, ಆ ಕಣ್ಣು ಮೂರೂ ಒಂದೇ ಚೌಕಟ್ಟಿನಲ್ಲಿ ಬಂದರೆ ನಿಮಗೆ ಬೇಕಾದ ಫೋಟೊ ಬಂತು. ಬಾಳೆನಾರಿನಲ್ಲಿ ಕಟ್ಟಿದ, ಮೊಳದ ಬದಲು ಚೆಂಡು–ಅಟ್ಟೆ ಎಂಬ ಲೆಕ್ಕದಲ್ಲಿ ಮಾರುವ ಉಡುಪಿ ಮಲ್ಲಿಗೆ ಕಂಡರೆ ಬಿಡಬೇಡಿ. ಹೊಲಿಗೆ ದಾರದಲ್ಲಿ ಪೋಣಿಸಿದ ಗಜ್ರಾದ ಪಕ್ಕ ಅದು ಬಿದ್ದಿದ್ದರೆ, ಮಾತೇ ಇಲ್ಲದೆ ಎರಡು ಊರು ಅಕ್ಕಪಕ್ಕ ಕೂತಂತೆ. ಕೊನೆಗೆ ಉಳಿದದ್ದು: ಒದ್ದೆ ಗೋಣಿ, ಕತ್ತರಿಸಿದ ತೊಟ್ಟು, ಬಾಳೆಲೆಯ ಚೂರು. ಜಾಗ, ಆಳು, ಕೈ, ಕೊಟ್ಟು–ಕೊಂಡದ್ದು, ಉಳಿದದ್ದು ಎಂಬ ಈ ಸರಣಿ ಯಾವ ಕೆಲಸಕ್ಕೂ ಹೊಂದುತ್ತದೆ, ದೋಸೆ ಕಾವಲಿಗೂ ಚಪ್ಪಲಿ ಹೊಲಿಯುವವರಿಗೂ.

ಮಲ್ಲಿಗೆಯ ಬಿಳಿಯಲ್ಲೇ ಮೊದಲ ತಾಂತ್ರಿಕ ತೊಂದರೆ. ಅಂಗಡಿ ಕತ್ತಲು, ಹೂ ಬಿಳಿ. ಕ್ಯಾಮೆರಾ ಕತ್ತಲಿಗೆ ಹೊಂದಿಸಿಕೊಂಡು ಹೂವನ್ನು ಬರೀ ಬಿಳಿ ಮಚ್ಚೆ ಮಾಡಿಬಿಡುತ್ತದೆ. ಎಕ್ಸ್‌ಪೋಷರ್, ಅಂದರೆ ಫೋಟೊದ ಬೆಳಕಿನ ಮಟ್ಟ, ಮೈನಸ್ 0.7ಕ್ಕೆ ಇಳಿಸಿ. ಫೋನಿನಲ್ಲಿ ಹೂವಿನ ಮೇಲೆ ಬೆರಳೊತ್ತಿ ಹಿಡಿದು, ಲಾಕ್ ಆದ ಮೇಲೆ ಕೆಳಕ್ಕೆ ಜಾರಿಸಿ. ಕತ್ತಲಾದ ಮುಖವನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಬಿಳಿ ವಾಪಸ್ ಬರುವುದಿಲ್ಲ. ಎರಡನೆಯದು ನೀಲಿ ಟಾರ್ಪಾಲಿನ್. ಮುಂಬೈಯ ಮಾರ್ಕೆಟ್ಟುಗಳ ಅರ್ಧ ಬೆಳಕು ಅದರ ಮೂಲಕವೇ ಇಳಿಯುತ್ತದೆ, ಮುಖವೆಲ್ಲ ನೀಲಿ. ಕ್ಯಾಮೆರಾ ತಾನು ತಿದ್ದದೆ ಉಳಿಸುವ ರಾ ಫೈಲಿನಲ್ಲಿ ತೆಗೆದರೆ ಅಷ್ಟಿಷ್ಟು ಸರಿಮಾಡಬಹುದು, ಆದರೆ ಟಾರ್ಪಾಲಿನ್ನಿನ ಅಂಚಿನಲ್ಲಿ, ಬೀದಿಯ ಬೆಳಕು ಬಂದು ಬೀಳುವ ಕಡೆ ಕೂತವರನ್ನೇ ಆರಿಸಿಕೊಳ್ಳುವುದು ಸುಲಭ. ಹೂವಿಗೆ ನೀರು ಚಿಮುಕಿಸುವಾಗ ಬೆಳಕು ಎದುರಿನಿಂದ ಬರುವಂತೆ ನಿಂತು, 1/500 ಅಥವಾ ಅದಕ್ಕಿಂತ ವೇಗದಲ್ಲಿ ತೆಗೆದರೆ ಹನಿಗಳು ಒಂದೊಂದೂ ಕಾಣುತ್ತವೆ.

ಕ್ಯಾಮೆರಾವನ್ನು ಹೀಗೆ ಸಿದ್ಧ ಮಾಡಿಟ್ಟುಕೊಳ್ಳಿ. ಲೆನ್ಸನ್ನು 18ಕ್ಕೆ ತನ್ನಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಂಡಿ) ಎಫ್/8. ಸುಮಾರು 2 ಮೀಟರ್, ಅಂದರೆ ಮೂರು ಹೆಜ್ಜೆ ದೂರದ ವಸ್ತುವಿಗೆ ಆಟೊ ಫೋಕಸ್ ಮಾಡಿ, ಹಾಗೇ ಲೆನ್ಸಿನ ಗುಂಡಿಯನ್ನು ಮ್ಯಾನುಯಲ್‌ಗೆ ತಳ್ಳಿ. ನಿಮ್ಮದರಂಥ ಸಣ್ಣ ಸೆನ್ಸರಿನ (ಕ್ರಾಪ್ ಸೆನ್ಸರ್) ಕ್ಯಾಮೆರಾದಲ್ಲಿ ಈಗ ಸುಮಾರು 1 ಮೀಟರಿನಿಂದ ಹಿಂದಿನ ಗೋಡೆಯವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟ, ಫೋಕಸ್‌ಗಾಗಿ ಕಾಯುವ ಕೆಲಸವೇ ಇಲ್ಲ. ಝೂಮ್ ಮುಟ್ಟಿದಿರೋ ಲೆಕ್ಕ ಕೆಟ್ಟಿತು, ಮತ್ತೆ ಮೊದಲಿನಿಂದ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬುದು) ಆಟೊ ಇರಲಿ, ಮಿತಿ 3200. ಶಟರ್ ವೇಗ 1/250ಕ್ಕಿಂತ ಕೆಳಗೆ ಇಳಿಯದಿರಲಿ. ಎಫ್/8ರಲ್ಲಿ ಕತ್ತಲೆ ಅಂಗಡಿಯೊಳಗೆ ಇದು ಸಾಲದು, ಅಲ್ಲಿ ಎಫ್/4ಕ್ಕೆ ಇಳಿದು ಆಟೊ ಫೋಕಸ್‌ಗೆ ಮರಳಿ.

ಫೋನಿನಲ್ಲಾದರೆ ಪೋರ್ಟ್ರೇಟ್ ಮೋಡ್ ಬೇಡ. ಹಿನ್ನೆಲೆಯನ್ನು ಮಸುಕು ಮಾಡುವುದೆಂದರೆ ಕಥೆಯ ಅರ್ಧ ಭಾಗ ಅಳಿಸಿದ ಹಾಗೆ. ಒಂದು ಚೌಕಟ್ಟಿನಲ್ಲಿ ಒಂದಕ್ಕೊಂದು ಸಂಬಂಧ ಇರುವ ಎರಡು ಸಂಗತಿ ಇರಬೇಕು: ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಹಾರ ಹಾಕಿದ ಹಿರಿಯರ ಫೋಟೊ, ಅದರ ಕೆಳಗೇ ಅಂಟಿಸಿದ ಕ್ಯೂಆರ್ ಕೋಡು. ಗಲ್ಲಾದವರ ಮುಖ ಮಾತ್ರ ಚಂದ ಬಂದು ಹಿಂದಿನದು ಕಲಸಿಹೋದರೆ ಅದು ಪಾಸ್‌ಪೋರ್ಟ್ ಫೋಟೊಕ್ಕಿಂತ ಸ್ವಲ್ಪ ಮೇಲು, ಅಷ್ಟೆ. ಅಲ್ಟ್ರಾವೈಡ್ ಕೂಡ ಬೇಡ, ಅಂಚಿನಲ್ಲಿರುವ ಮುಖ ಎಳೆದಂತಾಗುತ್ತದೆ.

ಹೋಟೆಲಿನಲ್ಲಿ ತೆಗೆಯುವುದಾದರೆ ಹತ್ತೂವರೆಯಿಂದ ಹನ್ನೊಂದೂವರೆ ಒಳ್ಳೆಯದು. ತಿಂಡಿಯ ಗದ್ದಲ ಇಳಿದಿರುತ್ತದೆ, ಊಟದ್ದು ಶುರುವಾಗಿರುವುದಿಲ್ಲ. ಮಾಣಿಗಳು ತಾವೇ ಕೂತು ತಿನ್ನುವ ಹೊತ್ತದು. ತಿನ್ನುವಾಗ ಫೋಟೊ ತೆಗೆಯುವುದು ಅವರಿಗೆ ಇಷ್ಟವಾಗದೇ ಇರಬಹುದು, ಮೊದಲೇ ಕೇಳಿ. ಗಲ್ಲಾದ ಅಣ್ಣನಿಗೆ ಕನ್ನಡದಲ್ಲೋ ತುಳುವಿನಲ್ಲೋ ಎರಡು ಮಾತು ಆಡಿ, ಕಾಫಿ ಕುಡಿದು, ಆಮೇಲೆ ಕ್ಯಾಮೆರಾ ಹೊರಗೆ. ಟ್ಯೂಬ್‌ಲೈಟ್, ಎಲ್‌ಇಡಿ ಬೆಳಕಿನಲ್ಲಿ ಫೋಟೊದಲ್ಲಿ ಅಡ್ಡ ಪಟ್ಟಿಗಳು ಬರುವುದುಂಟು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರನ್ನು 1/100 ಅಥವಾ 1/50ಕ್ಕೆ ಇಟ್ಟರೆ ಪಟ್ಟಿ ಹೋಗುತ್ತದೆ.

ಕೇಳುವ ವಿಚಾರ. ಮರಾಠಿಯಲ್ಲಿ ‘ಕಾಕಾ, ಏಕ ಫೋಟೊ ಕಾಢೂ ಕಾ?’ ಸಾಕು, ಹಿರಿಯ ಹೆಂಗಸರಿಗೆ ‘ಮಾವಶಿ’, ನಿಮ್ಮ ವಯಸ್ಸಿನವರಿಗೆ ‘ದಾದಾ’. ಕೇಳಿದೊಡನೆ ಎಲ್ಲರೂ ನೆಟ್ಟಗೆ ನಿಂತು ಪೋಸು ಕೊಡುತ್ತಾರೆ, ಅಲ್ಲೇ ಹೊಸಬರು ಕೈಚೆಲ್ಲುವುದು. ಆ ಪೋಸಿನ ಫೋಟೊವನ್ನೂ ಮನಸ್ಸಿಟ್ಟು ತೆಗೆಯಿರಿ, ತೋರಿಸಿ, ಬೇಕೆಂದರೆ ವಾಟ್ಸಾಪ್‌ನಲ್ಲಿ ಕಳಿಸಿ. ಆಮೇಲೆ ಜಾಗ ಬಿಟ್ಟು ಕದಲಬೇಡಿ. ಐದು ನಿಮಿಷದಲ್ಲಿ ಅವರು ನಿಮ್ಮನ್ನು ಮರೆತು ಕೆಲಸಕ್ಕೆ ಇಳಿಯುತ್ತಾರೆ. ಬೇಡ ಎಂದರೆ ಬೇಡ, ದೂರ ಹೋಗಿ ಝೂಮ್ ಮಾಡಿ ಕದಿಯುವುದು ಹೊಲಸು ಕೆಲಸ. ಫುಟ್‌ಪಾತಿನಲ್ಲಿ ಮಲಗಿದವರು, ಭಿಕ್ಷೆ ಬೇಡುವ ಮಕ್ಕಳು: ಇವನ್ನು ‘ಮುಂಬೈ ಕಥೆ’ ಎಂದು ಹಾಕುವವರ ಸಂಖ್ಯೆ ಈಗಾಗಲೇ ಸಾಕಷ್ಟಿದೆ. ನೀವು ಸೇರಬೇಕಾಗಿಲ್ಲ.

ಮಹಾಲಕ್ಷ್ಮಿ ಧೋಬಿ ಘಾಟಿಗೆ ಹೋಗುತ್ತೀರಿ, ಗೊತ್ತು. ಸ್ಟೇಷನ್ ಪಕ್ಕದ ಸೇತುವೆಯ ಮೇಲಿಂದ ಎಲ್ಲರೂ ತೆಗೆಯುವುದು ಬಟ್ಟೆ ಒಗೆಯುವ ಕಾಂಕ್ರೀಟ್ ತೊಟ್ಟಿಗಳ ಒಂದೇ ಅಗಲ ಫೋಟೊ. 55ಕ್ಕೆ ಝೂಮ್ ಮಾಡಿ, ಒಂದೇ ಬಣ್ಣದ ಬಟ್ಟೆಗಳ ಒಂದು ಸಾಲನ್ನು ಮಾತ್ರ ಹಿಡಿಯಿರಿ. ಅದರ ನಡುವೆ ಆಳು ಕಾಣಿಸಿಕೊಳ್ಳುವವರೆಗೆ ಕಾಯಿರಿ. ಸಂಜೆ ನಾಲ್ಕರ ಓರೆ ಬಿಸಿಲಿನಲ್ಲಿ ಹಗ್ಗದಿಂದ ಬಟ್ಟೆ ತೆಗೆಯುವವರ ನೆರಳು ಬಟ್ಟೆಯ ಮೇಲೇ ಬೀಳುತ್ತದೆ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಐದೂವರೆಗೆ ಹೋದರೆ ತಡ.

ಲೋಕಲ್ಲಿನಲ್ಲಿ ಫೋಟೊ ತೆಗೆಯುವ ಆಸೆ ಇದ್ದರೆ ಮಧ್ಯಾಹ್ನ 12ರಿಂದ 4. ಬೆಳಿಗ್ಗೆ ಎಂಟರಿಂದ ಹನ್ನೊಂದು ದಕ್ಷಿಣದ ಕಡೆಗೆ, ಸಂಜೆ ಐದೂವರೆಯಿಂದ ಒಂಬತ್ತು ಉತ್ತರದ ಕಡೆಗೆ ಕೈ ಎತ್ತಲೂ ಜಾಗವಿರುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಕಂಬಕ್ಕೆ ಒರಗಿ, ಮೊಣಕೈ ಎದೆಗೆ ಒತ್ತಿ, 1/15ರಲ್ಲಿ ತೆಗೆದರೆ ಬೆಂಚಿನ ಮೇಲೆ ಕೂತವರು ಸ್ಪಷ್ಟ, ಹಿಂದೆ ಓಡುವ ಗಾಡಿ ಬರೀ ಗೆರೆ. ನಾಲ್ಕೈದು ಸಲ ತೆಗೆಯಿರಿ, ಕೂತವರೂ ಅಲುಗಾಡುತ್ತಾರೆ. ಟ್ರೈಪಾಡ್ ಹೊರತೆಗೆದರೆ ರೈಲ್ವೆ ಪೊಲೀಸರು ಬಂದರೆಂದೇ ಲೆಕ್ಕ. ಬಾಗಿಲಿಗೆ ಜೋತು ಬೀಳುವುದು, ಹೆಂಗಸರ ಡಬ್ಬಿಯ ಕಡೆ ಕ್ಯಾಮೆರಾ ತಿರುಗಿಸುವುದು ಎರಡೂ ಬೇಡ. ನೌಕಾಪಡೆಯ ಡಾಕ್‌ಯಾರ್ಡ್ ಕಡೆಗೂ ಬೇಡ. ಡ್ರೋನ್ ಇದ್ದರೆ ಹುಬ್ಬಳ್ಳಿಯಲ್ಲೇ ಇರಲಿ.

ಎಸಿ ಲೋಕಲ್ಲಿನಿಂದ ಇಳಿದ ತಕ್ಷಣ ಲೆನ್ಸಿಗೆ ಮಂಜು ಕವಿಯಬಹುದು. ಒರೆಸಿದರೆ ಮತ್ತೆ ಬರುತ್ತದೆ. ಇಳಿಯುವ ಮುಂಚೆಯೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹೊರಗೆ ಬಂದು 15–20 ನಿಮಿಷ ಬಿಟ್ಟು ತೆಗೆಯಿರಿ. ಮಳೆಗಾಲದಲ್ಲಿ ಬರುವವರಿಗಾದರೆ ಸಿಲಿಕಾ ಜೆಲ್, ಲೆನ್ಸಿನ ಫಂಗಸ್ ಎಂದು ಬೇರೆಯೇ ಪುರಾಣ ಹೇಳಬೇಕಾಗುತ್ತಿತ್ತು.

ಬರುವ ಮುಂಚೆ ಹೋಮಾಯ್ ವ್ಯಾರಾವಾಲಾ ಅವರ ಹಳೆಯ ಬೊಂಬಾಯಿ ಚಿತ್ರಗಳನ್ನು ಹುಡುಕಿ ನೋಡಿ. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಹೆಸರಾದವರು, ಇಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ ಓದಿದವರು. ದಿಲ್ಲಿಯ ನಾಯಕರನ್ನು ತೆಗೆಯುವ ಮೊದಲು ತೆಗೆದದ್ದು ಈ ಊರಿನ ಸಾಮಾನ್ಯರ ಬದುಕನ್ನೇ. ಶುರುವಿನಲ್ಲಿ ಅವು ಗಂಡನ ಹೆಸರಿನಲ್ಲಿ ಅಚ್ಚಾದವು ಎಂಬುದು ಬೇರೆ ಸಂಕಟ.

ರಾತ್ರಿ ಮನೆಯಲ್ಲಿ ಆಯ್ಕೆ ಮಾಡುವಾಗ ಚಂದ ಬಂದದ್ದಕ್ಕೆ ಮನಸೋಲಬೇಡಿ. ಒಂದು ಜಾಗದ ಐದರಿಂದ ಏಳು ಫೋಟೊ ಸಾಲಾಗಿಡಿ, ಒಂದನ್ನು ಮುಚ್ಚಿ ನೋಡಿ. ಅದಿಲ್ಲದೆಯೂ ವಿಷಯ ತಿಳಿದರೆ ತೆಗೆದುಹಾಕಿ, ಅದು ಎಷ್ಟೇ ಚಂದವಿದ್ದರೂ. ಒಂದೇ ಕೋನದ ಎರಡು ಫೋಟೊ ಬೇಡ. ಕೆಳಗೆ ಬರೆಯುವಾಗ ಜಾಗ, ಹೊತ್ತು, ನಡೆಯುತ್ತಿರುವ ಕೆಲಸ, ಇಷ್ಟೇ ಬರೆಯಿರಿ. ‘ಬದುಕಿನ ಬಂಡಿ’, ‘ಹೊಟ್ಟೆಪಾಡು’ ಎಂದು ಹಾಕಿದರೆ ನೋಡುವವರು ಮುಂದಿನ ಫೋಟೊಕ್ಕೆ ಹೋಗಿಬಿಡುತ್ತಾರೆ.

ನಿಮ್ಮ ನಾಲ್ಕು ದಿನದಲ್ಲಿ ಭಾನುವಾರ ಬಂದರೆ ಅಂದು ಡಬ್ಬಾವಾಲಾಗಳು ಸಿಗುವುದಿಲ್ಲ, ಅವರಿಗೆ ರಜೆ. ಲೋಕಲ್ಲಿಗೂ ಅಂದು ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗಾಗಿ ಕೆಲವು ಗಂಟೆ ಗಾಡಿ ತಡೆಯುವುದು, ಇರುವುದುಂಟು. ಹಿಂದಿನ ದಿನವೇ ವೇಳೆ ನೋಡಿಕೊಂಡು, ಭಾನುವಾರವನ್ನು ಮಾಟುಂಗಾಕ್ಕೆ ಇಟ್ಟುಕೊಳ್ಳಿ. ಬ್ಲಾಕ್ ಸಾಮಾನ್ಯವಾಗಿ ಶುರುವಾಗುವುದು ಹೊತ್ತೇರಿದ ಮೇಲೆ, ಅಷ್ಟರಲ್ಲಿ ನೀವು ಅಲ್ಲಿ ಕಾಫಿ ಕುಡಿಯುತ್ತಿರುತ್ತೀರಿ.